ಕೊಡದ ಮೇಲೆ ಬಿಟ್ಟ ಜಾಗ

ಸಂಗನಬಸವನಿಗೆ ಮೂವತ್ತಮೂರು ತುಂಬಿದ ಸಂಗತಿ ಸರ್ಕಾರದ ಗಮನಕ್ಕೆ ಬಂದಿರಲಿಲ್ಲ. ಮಸ್ಕಿಯ ಆ ಓಣಿಯ ಗಮನಕ್ಕೆ ಮಾತ್ರ ಬಂದಿತ್ತು. ಬೆಳಿಗ್ಗೆ ಅವನು ಹಲ್ಲುಜ್ಜುತ್ತ ಹೊರಗೆ ನಿಂತರೆ ಓಣಿಯ ಹೆಂಗಸರು ಮೊದಲು ಅವನ ನೆತ್ತಿ ನೋಡುತ್ತಿದ್ದರು, ಆಮೇಲೆ ಮುಖ. ತುರ್ವಿಹಾಳದವನಾದ ಅವನು ಆರು ವರ್ಷದಿಂದ ಈ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಹುದ್ದೆ, ಅತಿಥಿ ಶಿಕ್ಷಕ.

ಈ ಹುದ್ದೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇಂಗ್ಲಿಷಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳನ್ನು ಜೋಡಿಸಿ ಮೂರನೆಯದೊಂದು ವಸ್ತುವಿಗೆ ಹೆಸರಿಡುವ ಪದ್ಧತಿಯಿದೆ. ಅದಕ್ಕೆ ಕಾಂಪೌಂಡ್ ನೌನ್ ಅನ್ನುತ್ತಾರೆ. ಅಲ್ಲಿ ಎರಡನೆಯ ಪದ ಯಜಮಾನ, ಮೊದಲನೆಯದು ಆಳು. ಸ್ಕೂಲ್ ಬಸ್ ಅಂದರೆ ಅದು ಬಸ್ಸು. ಸ್ಕೂಲು ಬರೀ ಇದು ಯಾವ ಬಸ್ಸು ಅಂತ ಹೇಳಿ ಪಕ್ಕಕ್ಕೆ ಸರಿಯಬೇಕು. ಆ ಪ್ರಕಾರ ಗೆಸ್ಟ್ ಟೀಚರ್ ಅಂದರೆ ಟೀಚರ್. ಆದರೆ ಅವನಿಗೆ ಆದೇಶ ಕೊಡುವವರು ವ್ಯಾಕರಣ ಓದಿರಲಿಲ್ಲ. ಅವರು ಗೆಸ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು: ಜೂನಿನಲ್ಲಿ ಬಾ, ಮಾರ್ಚಿನಲ್ಲಿ ಎದ್ದು ಹೋಗು. ಹೋಗಲಿ, ಅತಿಥಿಗೆ ಚಹಾ ಆದರೂ ಕೊಡಬೇಕಲ್ಲ? ಸ್ಟಾಫ್ ರೂಮಿನಲ್ಲಿ ಖಾಯಂ ಮಾಸ್ತರರ ಕಪ್ಪುಗಳು ಸಾಲಾಗಿ ಮೊಳೆಗೆ ನೇತಾಡುತ್ತಿದ್ದವು. ಅವನ ಚಹಾ ಗೇಟಿನ ಹೊರಗಿನ ಡಬ್ಬಿ ಅಂಗಡಿಯಲ್ಲಿ.

ಅಂಥವನು ಡಿಸೆಂಬರಿನಲ್ಲಿ ಸಿಂಧನೂರಿಗೆ ಹೆಣ್ಣು ನೋಡಲು ಹೋದ. ಹುಡುಗಿಯ ತಂದೆ ಸೂಗಪ್ಪನವರಿಗೆ ಬೀಜ-ಗೊಬ್ಬರದ ಅಂಗಡಿ. ಚೀಲದ ಮೇಲೆ ಬರೆದದ್ದಕ್ಕೂ ಚೀಲದ ಒಳಗಿರುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ ಎಂಬುದನ್ನು ಮೂವತ್ತು ವರ್ಷದಲ್ಲಿ ಕಂಡುಕೊಂಡ ಮನುಷ್ಯ.

"ಮಾಸ್ತರ್ರ, ಈ ನೌಕರಿ ಎಷ್ಟು ದಿನದ್ದು?"

"ಪ್ರತಿ ವರ್ಷ ಮುಂದುವರಸ್ತಾರ್ರೀ."

"ಮುಂದುವರಸ್ತಾರಂತ ನೀವು ಹೇಳಾಕತ್ತೀರಿ. ಮುಂದುವರಸೋರು ಹೇಳ್ಬೇಕಲ್ಲ?"

ಅಷ್ಟರಲ್ಲಿ ಹುಡುಗಿ, ಶೈಲಜಾ, ಅವಲಕ್ಕಿ ತಾಟು ಕೆಳಗಿಟ್ಟು ನೇರವಾಗಿ ಅವನನ್ನೇ ಕೇಳಿದಳು. "ಏಪ್ರಿಲ್, ಮೇ ತಿಂಗಳದಾಗ ಏನ್ ಮಾಡ್ತೀರಿ?"

"ಬ್ಯಾಸಿಗಿ ಸೂಟಿ ಇರ್ತದ್ರೀ."

"ನಿಮಗ ಸೂಟಿನೋ, ನೌಕರಿಗೆ ಸೂಟಿನೋ?"

ಸಂಗನಬಸವ ಆ ಪ್ರಶ್ನೆಗೇ ಸೋತುಹೋದ. ಆರು ವರ್ಷದಲ್ಲಿ ಯಾರೂ ಅವನ ಬದುಕಿನ ಬಗ್ಗೆ ಅಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಅಂತ ಅವಲಕ್ಕಿ ಮುಗಿಯುವ ಮೊದಲೇ ನಿಶ್ಚಯಿಸಿದ. ಸೂಗಪ್ಪನವರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ನೋಡ್ರಿ, ಒಬ್ಬ ಸಾಹೇಬ ನನ್ನ ಕಣ್ಣಮುಂದ ಬಾಯಿ ಬಿಟ್ಟು, ಈ ಮನಷ್ಯಾ ಮುಂದಿನ ವರ್ಷನೂ ಇರ್ತಾನ ಅನ್ಲಿ. ಅವತ್ತೇ ಎಲಿ-ಅಡಿಕಿ ಹಿಡೀತೀನಿ. ಕಾಗದ ಬ್ಯಾಡ. ಕಾಗದ ನನ್ನ ಅಂಗಡ್ಯಾಗೂ ಭಾಳ ಅದಾವ."

ಫೆಬ್ರುವರಿಯಲ್ಲಿ ಆ ಸಾಹೇಬ ಸಿಗುವ ಯೋಗ ಬಂತು. ಲಿಂಗಸುಗೂರಿನ ಒಂದು ತರಬೇತಿ ಕೇಂದ್ರದಲ್ಲಿ ಇಂಗ್ಲಿಷ್ ಶಿಕ್ಷಕರ ಮಾದರಿ ಪಾಠ. ಒಬ್ಬೊಬ್ಬರಿಗೆ ಒಂದೊಂದು ವಿಷಯ. ಚಿತ್ರ, ಚಾರ್ಟು ನಡೆಯುವುದಿಲ್ಲ, ನಿಜವಾದ ವಸ್ತುಗಳನ್ನೇ ತಂದು ತೋರಿಸಿ ಕಲಿಸಬೇಕು. ಮೆಚ್ಚಿದವರನ್ನು ಮುಂದಿನ ವರ್ಷಕ್ಕೆ ಸಾಹೇಬರೇ ಶಿಫಾರಸು ಮಾಡುತ್ತಾರೆ. ಸಂಗನಬಸವನ ಪಾಲಿಗೆ ಬಂದದ್ದು ಕಾಂಪೌಂಡ್ ನೌನ್. ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು, ಅವನದು ಮೂವತ್ತನಾಲ್ಕನೆಯದು. ಆದರೆ ಸಿಂಧನೂರಿಗೆ ಫೋನ್ ಹಚ್ಚಿದಾಗ ಅವನ ಬಾಯಿಯಿಂದ ಬಂದದ್ದು ಬೇರೆ.

"ಸಾಹೇಬರು ನನ್ನನ್ನ ಹೆಸರು ಹಿಡಿದು ಕರಿಸ್ಯಾರ್ರೀ. ಶನಿವಾರ ನೀವು ಬರ್ರಿ. ಶೈಲಜಾ ಅವರನ್ನೂ ಕರಕೊಂಡು ಬರ್ರಿ. ಕಿವಿಯಾರೆ ಕೇಳ್ರಿ."

ಹೇಳಿದ ಮೇಲೆ ಆ ಮಾತಿಗೆ ತಕ್ಕ ಪಾಠ ಬೇಕಾಯಿತು. ಬೇರೆಯವರು ಟೂತ್ ಬ್ರಷ್ಷು, ಪೆನ್ಸಿಲ್ ಬಾಕ್ಸು ತಂದು ಕೈ ತೊಳೆದುಕೊಳ್ಳುತ್ತಾರೆ. ತಾನು ವೇದಿಕೆ ತುಂಬಬೇಕು. ಕೋಣೆಯ ಸುತ್ತ ನೋಡಿದ. ಕಬ್ಬಿಣದ ಮಂಚ, ಬಕೆಟ್ಟು, ಸ್ಟೋ. ಟೂತ್ ಬ್ರಷ್ಷೇನೋ ಇತ್ತು, ಅದರ ಕೂದಲೂ ಅವನ ತಲೆಯ ಹಾಗೇ ಆಗಿತ್ತು.

ಪಕ್ಕದ ಮನೆ ಅಂಬಮ್ಮನದು. ಗಂಡನಿಲ್ಲ, ಅಂಗನವಾಡಿ ಕೆಲಸ. ಮಕ್ಕಳ ತೂಕ, ಎತ್ತರವನ್ನೆಲ್ಲ ಮೊಬೈಲಿನಲ್ಲಿ ತುಂಬಬೇಕಾದ ಅವಳ ನಿತ್ಯದ ಕಷ್ಟವನ್ನು ಸಂಗನಬಸವನೇ ಸಂಜೆ ಹೊತ್ತು ತೀರಿಸುತ್ತಿದ್ದ. ಅವಳ ಒಬ್ಬಳೇ ಮಗಳು ರಾಜಶ್ರೀ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಮಗಳ ಮದುವೆಗೆ ಕೊಡಬೇಕಾದ ಬಾಂಡೆ ಸಾಮಾನನ್ನು ಅಂಬಮ್ಮ ಹತ್ತು ವರ್ಷದಿಂದ ಒಂದೊಂದಾಗಿ ಕೂಡಿಸಿ, ಒಳಕೋಣೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಟ್ಟಿದ್ದಳು. ಪ್ರೆಷರ್ ಕುಕ್ಕರ್, ಸೂಟ್‌ಕೇಸ್, ವಾಲ್ ಕ್ಲಾಕ್, ಬೆಡ್‌ಶೀಟ್, ಡ್ರೆಸ್ಸಿಂಗ್ ಟೇಬಲ್, ಒಂದು ದೊಡ್ಡ ಸ್ಟೀಲಿನ ಕೊಡ. ಬಾಗಿಲ ಸಂದಿಯಿಂದ ಅದನ್ನು ಕಂಡ ಸಂಗನಬಸವನಿಗೆ ಅದು ಬಾಂಡೆ ಸಾಮಾನಾಗಿ ಕಾಣಲೇ ಇಲ್ಲ. ಇಡೀ ಒಂದು ವ್ಯಾಕರಣದ ಅಧ್ಯಾಯ ಗೋಡೆಗೆ ಒರಗಿ ನಿಂತ ಹಾಗೆ ಕಂಡಿತು.

"ಅಂಬಮ್ಮಾರ, ಒಂದು ದಿನದ ಮಟ್ಟಿಗೆ ಈ ಸಾಮಾನು ಕೊಡ್ತೀರೇನು? ಪಾಠಕ್ಕ ಬೇಕಾಗ್ಯಾವ."

"ಪಾಠಕ್ಕ ಕುಕ್ಕರ್ ಯಾಕ್ರೀ ಸರ? ಏನು ಬೇಯಸ್ತೀರಿ?"

"ಹಂಗಲ್ರೀ. ಪ್ರೆಷರ್ ಅನ್ನೋದೊಂದು ಪದ, ಕುಕ್ಕರ್ ಅನ್ನೋದೊಂದು ಪದ. ಎರಡೂ ಕೂಡಿಸಿದ್ರ…"

"ಅನ್ನ ಆಗ್ತೈತಿ," ಅಂದಳು ರಾಜಶ್ರೀ, ಹೊಲಿಗೆಯಿಂದ ತಲೆ ಎತ್ತದೆ.

ಅಂಬಮ್ಮ ಯೋಚಿಸಿದಳು. ಇಲ್ಲ ಅಂದರೆ ನಾಳೆಯಿಂದ ಮೊಬೈಲಿನಲ್ಲಿ ಮಕ್ಕಳ ತೂಕ ತುಂಬುವವರು ಯಾರು? ಒಪ್ಪಿದಳು, ಆದರೆ ಎರಡು ಷರತ್ತು ಹಾಕಿದಳು. ಒಂದು, ಸಾಮಾನಿಗೆ ಗೀರು ಬೀಳದಂತೆ ಕಾಯಲು ರಾಜಶ್ರೀ ಜೊತೆಗೆ ಬರುತ್ತಾಳೆ. ಎರಡು, "ಹೆಣ್ಣಮಗಳ ಸಾಮಾನು ಮೊದಲ ಸಲ ಹೊಸ್ತಿಲ ದಾಟೋದು ಬರೇ ದಾಟಬಾರದ್ರೀ. ಅರಿಶಿಣ-ಕುಂಕುಮ ಹಚ್ಚಿ, ಟೆಂಗಿನಕಾಯಿ ಇಟ್ಟು ಕಳಸ್ತೀನಿ."

"ಆಯ್ತ್ರೀ, ಹಚ್ರಿ," ಅಂದ ಸಂಗನಬಸವ. ಕುಂಕುಮದಿಂದ ಪಾಠಕ್ಕೇನು ತೊಂದರೆ ಅಂತ ಅವನ ಎಣಿಕೆ. ಕೊಡವನ್ನು ಎತ್ತಿ ನೋಡಿದ. ಅಂಗಡಿಯಲ್ಲಿ ಹಾಕಿಸಿದ ಚುಕ್ಕಿ ಚುಕ್ಕಿ ಅಕ್ಷರದಲ್ಲಿ 'ರಾಜಶ್ರೀ' ಅಂತ ಇತ್ತು. ಅದರ ಮುಂದೆ ನಾಲ್ಕು ಬೆರಳು ಖಾಲಿ.

"ಇದ್ಯಾಕ್ರೀ ಜಾಗ ಬಿಟ್ಟೀರಿ?"

"ಅಳಿಯನ ಹೆಸರಿಗ್ರೀ. ಎಲ್ಲೋ ಒಬ್ಬ ಇರ್ತಾನಲ್ಲ."

ಸಂಗನಬಸವ ಸೌಜನ್ಯಕ್ಕೆ ಅಳತೆ ಮಾಡಿ ನೋಡಿ, "ಸಾಲ್ತೈತಿ ಬಿಡ್ರಿ, ಉದ್ದನ ಹೆಸರಾದ್ರೂ ಹಿಡಸ್ತೈತಿ," ಅಂದ.

ಶನಿವಾರ ಬೆಳಿಗ್ಗೆ ಸಾಮಾನು ಹೇರುವ ಟಂಟಂ ಆಟೋ ಬಂದು ನಿಂತಿತು. ಓಡಿಸುವವನು ಮಸ್ತಾನಸಾಬ, ಸಂಗನಬಸವನ ಕೋಣೆಯ ಮಾಲಕ. ಅಂಬಮ್ಮನ ಮನೆಯಿಂದ ಕುಂಕುಮ ಹಚ್ಚಿದ ಕುಕ್ಕರು, ಕುಂಕುಮ ಹಚ್ಚಿದ ಸೂಟ್‌ಕೇಸು ಒಂದೊಂದಾಗಿ ಹೊರಬಂದವು. ಕೊನೆಗೆ ಬಾಯಿಗೆ ತೆಂಗಿನಕಾಯಿ ಇಟ್ಟ ಕೊಡ ಬಂತು. ಅಂಬಮ್ಮ ಕೈಯಲ್ಲಿ ಉಳಿದ ಕುಂಕುಮವನ್ನು ಸುಮ್ಮನೆ ಯಾಕೆ ಕೆಡಿಸಬೇಕೆಂದು ಸಂಗನಬಸವನ ಹಣೆಗೂ ಹಚ್ಚಿದಳು. ಅವನು ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿದ್ದ. ಇಷ್ಟು ನೋಡಿದ ಮಸ್ತಾನಸಾಬ ಯಾರನ್ನೂ ಏನೂ ಕೇಳದೆ ಹೋಗಿ ಒಂದು ಚೆಂಡುಹೂವಿನ ಮಾಲೆ ತಂದು ಟಂಟಂ ಮುಂದೆ ಕಟ್ಟಿದ.

ಈ ಊರಲ್ಲಿ ಹೆಣ್ಣಿನ ಮನೆಯಿಂದ ಕುಂಕುಮ ಹಚ್ಚಿದ ಸಾಮಾನು ಹೊರಬಿತ್ತು ಅಂದರೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ; ಎಲ್ಲರಿಗೂ ತಿಳಿಯುತ್ತದೆ. ಸಾಮಾನು ಹತ್ತಿತು, ಸಂಬಂಧ ಕೂಡಿತು. ಮಸ್ತಾನಸಾಬನ ಹೆಂಡತಿ ಶಂಶಾದ್‌ಬೀ ಕಸಬರಿಗೆ ಹಿಡಿದೇ ಓಡಿ ಬಂದಳು.

"ಅರೆ ಅಲ್ಲಾ! ನಮ್ಮ ಮನ್ಯಾಗ ಇದ್ಕೊಂಡು ನಮಗೊಂದು ಮಾತು ಹೇಳಲಿಲ್ಲಲ್ರೀ ಸರ?"

"ಇದು ಪಾಠದ ಸಾಮಾನ್ರೀ ಚಾಚಿ."

"ಹೌದೌದು, ಪಾಠನ! ನಾನೂ ನಿಕಾಹ್ ಆಗಿ ಮೂವತ್ತು ವರ್ಷ ಅದೇ ಪಾಠ ಓದಾಕತ್ತೀನಿ. ಇನ್ನೂ ಪಾಸಾಗಿಲ್ಲ." ಅವಳು ಮೊಬೈಲು ತೆಗೆದು ಫೋಟೋ ಹೊಡೆದಳು. ಫೋಟೋದಲ್ಲಿ ಸಂಗನಬಸವ ಕೊಡ ಹಿಡಿದಿದ್ದ, ರಾಜಶ್ರೀ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ ಹಿಡಿದಿದ್ದಳು.

ಎದುರು ಕಟ್ಟೆಯ ತಿಮ್ಮವ್ವನಿಗೆ ಒಂದು ಸಂಶಯ ಬಂತು. "ಹುಡುಗನ ಕೋಲಿ ಇಲ್ಲೇ ಬಾಜೂಕ ಐತಿ. ಸಾಮಾನು ಲಿಂಗಸುಗೂರಿಗೆ ಯಾಕ ಹೊಂಟೈತಿ?"

"ನೌಕರಿ ಖಾಯಂ ಆಗಿರ್ಬೇಕು. ಅಲ್ಲೇ ಮನಿ ಮಾಡ್ಯಾನ," ಅಂದಳು ಶಂಶಾದ್‌ಬೀ. ಸರ್ಕಾರ ಆರು ವರ್ಷದಲ್ಲಿ ಮಾಡದ ಕೆಲಸವನ್ನು ಅವಳು ಕಸಬರಿಗೆ ಕೆಳಗಿಡದೆ ಮಾಡಿ ಮುಗಿಸಿದಳು.

ದಾರಿಯುದ್ದಕ್ಕೂ ಜನ ಟಂಟಂಗೆ ದಾರಿ ಬಿಟ್ಟರು. ಎದುರು ಬಂದ ಟ್ರ್ಯಾಕ್ಟರಿನವನು ಹಾರ್ನು ಬಾರಿಸಿ ಶುಭ ಕೋರಿದ. ರಾಜಶ್ರೀ ಕನ್ನಡಿಯನ್ನು ಎದೆಗೆ ಅವುಚಿ ಕೂತಿದ್ದಳು. ಎದುರು ಕೂತ ಸಂಗನಬಸವನಿಗೆ ಲಿಂಗಸುಗೂರಿನವರೆಗೂ ತನ್ನದೇ ಮುಖ ನೋಡುವುದು ತಪ್ಪಲಿಲ್ಲ. ಕುಂಕುಮ ಹಚ್ಚಿದ, ಬೆವರಿದ ಮುಖ.

"ಸರ, ನೀವು ಯಾರಿಗೂ ಜೋರಾಗಿ ಅಲ್ಲ ಅನ್ನಲಿಲ್ಲಲ್ರೀ?" ಅಂದಳು ಕನ್ನಡಿಯ ಹಿಂದಿನಿಂದ.

"ಅಂದ್ನಲ್ಲ."

"ನಾ ಬಾಜೂಕ ನಿಂತಿದ್ದೆ. ನನಗ ಕೇಳಿಸ್ಲಿಲ್ಲ."

ಕೇಂದ್ರದ ಹಾಲಿನಲ್ಲಿ ಟೂತ್ ಬ್ರಷ್ಷುಗಳ ನಡುವೆ ಸಂಗನಬಸವನ ಸಾಮಾನು ಬಂದು ಇಳಿದಾಗ ಮೂವತ್ತೊಂಬತ್ತು ಮಂದಿ ಶಿಕ್ಷಕರ ಮುಖ ಸಪ್ಪಗಾಯಿತು. ಸಾಹೇಬರು ಎರಡು ತಾಸು ತಡವಾಗಿ ಬಂದರು. ವೇದಿಕೆಯ ಸಾಮಾನು ನೋಡಿ, ಪಟ್ಟಿ ಬದಿಗಿಟ್ಟು, ಮೂವತ್ತನಾಲ್ಕನೆಯವನನ್ನು ಮೊದಲು ಕರೆದರು. ಕೊನೆಯ ಸಾಲಿನಲ್ಲಿ ಸೂಗಪ್ಪನವರೂ ಶೈಲಜಾಳೂ ಬಂದು ಕೂತದ್ದನ್ನು ಸಂಗನಬಸವ ನೋಡಿದ.

ಪಾಠ ಚೆನ್ನಾಗಿ ಆಯಿತು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಯಾರೂ ಹೇಳಲಿಲ್ಲ. ಕೊಡ ಎತ್ತಿ ಹಿಡಿದು, ನೀರಿಗೂ ಪಾತ್ರೆಗೂ ನಡುವೆ ಏನೂ ಅಂಟು ಹಾಕದೆ ವಾಟರ್ ಪಾಟ್ ಹೇಗಾಯಿತು ಅಂತ ತೋರಿಸಿದ. ಸೂಟ್‌ಕೇಸಿನ ಒಳಗೆ ಸೂಟು ಯಾವತ್ತೂ ಇಲ್ಲದಿದ್ದರೂ ಹೆಸರು ಬಿಟ್ಟುಹೋಗುವುದಿಲ್ಲ ಅಂದ. ಕ್ರಿಯಾಪದವನ್ನೂ ಹೀಗೆ ನಾಮಪದಕ್ಕೆ ಕಟ್ಟಬಹುದು ಅಂತ ಡ್ರೆಸ್ಸಿಂಗ್ ಟೇಬಲ್ಲಿನ ಮುಂದೆ ನಿಂತು, "ಟೇಬಲ್ಲು ಬಟ್ಟೆ ಹಾಕಿಕೊಳ್ಳುವುದಿಲ್ಲ, ನಾವು ಹಾಕಿಕೊಳ್ಳುತ್ತೇವೆ. ಕೆಲಸ ನಮ್ಮದು, ಹೆಸರು ಅದರದ್ದು," ಅಂದಾಗ ಹಾಲು ನಕ್ಕಿತು. ಶೈಲಜಾ ಕೂಡ ಒಂದು ಸಲ ನಕ್ಕಳು. ಇಪ್ಪತ್ತು ನಿಮಿಷ ಸಂಗನಬಸವ ಅತಿಥಿಯಾಗಿರಲಿಲ್ಲ.

ಸಾಹೇಬರು ಪಾಠ ಕೇಳಲಿಲ್ಲ, ಕುಕ್ಕರು ನೋಡುತ್ತಿದ್ದರು. ಜವಾನನನ್ನು ಹತ್ತಿರ ಕರೆದು ಏನೋ ಕೇಳಿದರು. ಜವಾನ, "ಸನ್ಮಾನದ್ದ ಇರ್ಬೇಕ್ರೀ ಸಾಹೇಬ್ರ. ಕುಂಕುಮ ಹಚ್ಯಾರ, ಕಾಯಿ ಇಟ್ಟಾರ," ಅಂದ. ಅವನದು ತಪ್ಪಲ್ಲ. ಆ ಕಟ್ಟಡಕ್ಕೆ ಕುಂಕುಮ ಹಚ್ಚಿಸಿಕೊಂಡು ಬಂದ ಯಾವ ವಸ್ತುವೂ ಅಲ್ಲಿ ಉಳಿದ ದಾಖಲೆಯಿಲ್ಲ. ಎಲ್ಲವೂ ಸಭೆ ಮುಗಿದ ಮೇಲೆ ಜೀಪು ಹತ್ತಿವೆ. ಓಣಿಗೆ ಮದುವೆಯಾಗಿ ಕಂಡದ್ದು ಕಚೇರಿಗೆ ಕಾಣಿಕೆಯಾಗಿ ಕಂಡಿತು.

ಸಾಹೇಬರು ಮೈಕು ಹಿಡಿದರು. "ಶಿಕ್ಷಕ ಅಂದರೆ ಹೀಗಿರಬೇಕು. ಹೃದಯ ದೊಡ್ಡದಿರಬೇಕು. ಈ ಸಂಗನಬಸವ ಅವರು ಮುಂದಿನ ವರ್ಷವೂ ನಮ್ಮಲ್ಲೇ ಇರ್ತಾರೆ. ಅದಕ್ಕೆ ನಾನಿದ್ದೀನಿ!"

ಚಪ್ಪಾಳೆ ಬಿತ್ತು. ಬೇಕಾದ ಮಾತು, ಬೇಕಾದ ಬಾಯಿಯಿಂದ, ಬೇಕಾದವರ ಎದುರಿಗೇ ಬಂದಿತ್ತು. ಸಂಗನಬಸವ ಹಾಲಿನ ತುದಿಗೆ ನೋಡಿದ. ಸೂಗಪ್ಪನವರು ಚಪ್ಪಾಳೆ ತಟ್ಟುತ್ತಿರಲಿಲ್ಲ, ಮೊಬೈಲು ನೋಡುತ್ತಿದ್ದರು. ಶಂಶಾದ್‌ಬೀಯ ಅಕ್ಕ ಜುಬೇದಾಬೀ ಇರುವುದು ಸಿಂಧನೂರಿನಲ್ಲಿ, ಸೂಗಪ್ಪನವರ ಗೋದಾಮಿನ ಹಿಂದೆ. ತಂಗಿ ಕಳಿಸಿದ ಫೋಟೋವನ್ನು ಅವಳು ಸೂಗಪ್ಪನವರಿಗೆ ಕಳಿಸಿದ್ದಳು: 'ನಿಮ್ಮ ಮನೆಗೆ ಬಂದಿದ್ದ ಮಾಸ್ತರು ಇವರೇ ಅಲ್ಲವಾ? ಮದುವೆಯಂತೆ, ಮುಬಾರಕ್.'

ಉಳಿದವರ ಪಾಠವನ್ನು ಮುಂದಿನ ವಾರಕ್ಕೆ ಹಾಕಿ ಸಾಹೇಬರು ಎದ್ದರು. ಹೊರಗೆ ಜವಾನ ಆಗಲೇ ಕುಕ್ಕರು, ಗಡಿಯಾರ, ಕೊಡವನ್ನು ಜೀಪಿನ ಹಿಂದೆ ಇಟ್ಟಿದ್ದ. ಸೂಟ್‌ಕೇಸು ಇಡಲು ಹೋದಾಗ ರಾಜಶ್ರೀ ಸೆರಗು ಕಟ್ಟಿ ಜೀಪು ಹತ್ತಿದಳು.

"ಏ, ಇದು ನಮ್ಮವ್ವನ ಕುಕ್ಕರ್! ಎಲ್ಲಿಗೆ ಒಯ್ತೀರಿ?"

"ಕೆಳಗಿಳಿಯವ್ವ, ಸಾಹೇಬ್ರ ಗಾಡಿ ಇದು."

"ಗಾಡಿ ಅವರದು, ಕುಕ್ಕರ್ ನಮ್ಮದು. ಸರ, ಹೇಳ್ರಿ ಇವರಿಗೆ!"

ಮೆಟ್ಟಿಲ ಮೇಲೆ ಸಾಹೇಬರು ನಿಂತರು. ಅವರ ಹಿಂದೆ ಶಿಕ್ಷಕರು. ಒಂದು ಬದಿಗೆ ಶೈಲಜಾ, ಆ ಫೋಟೋ ಇದ್ದ ಮೊಬೈಲನ್ನು ಅವನ ಕಡೆಗೇ ಹಿಡಿದ ಸೂಗಪ್ಪನವರು. ಸಾಹೇಬರು ಮೆತ್ತಗೆ ಕೇಳಿದರು. "ಏನ್ರೀ ಸಂಗನಬಸವ, ಇದು ಯಾರದು?"

ಉತ್ತರ ಸರಳವಾಗಿತ್ತು. ಅಂಬಮ್ಮನದು, ಮಗಳ ಮದುವೆಗೆ ಇಟ್ಟದ್ದು, ಪಾಠಕ್ಕೆಂದು ಕೈಗಡ ತಂದೆ. ಒಂದೇ ಉಸಿರಿನ ಮಾತು. ಆದರೆ ಹಾಗಂದರೆ ಸಾಹೇಬರು ಪರರ ಮನೆಯ ಕುಕ್ಕರು ಜೀಪಿಗೆ ಹಾಕಿಸಿದ ಹಾಗಾಗುತ್ತದೆ. ಆಗ ಕಾಲು ಗಂಟೆಯ ಹಿಂದೆ ಕೊಟ್ಟ ಮಾತು ಉಳಿಯುವುದಿಲ್ಲ. ತನ್ನದು ಅಂದರೆ ಸೂಗಪ್ಪನವರ ಮೊಬೈಲಿನಲ್ಲಿದ್ದ ಫೋಟೋ ನಿಜವಾಗುತ್ತದೆ. ಸಂಗನಬಸವ ಎರಡರ ನಡುವೆ ಯಾರಿಗೂ ನೋವಾಗದ ಒಂದು ಪದ ಹುಡುಕಿದ. ಸಿಕ್ಕಿತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಹೇಳಿದ:

"ಪಾಠೋಪಕರಣ, ಸರ್."

ಸಾಹೇಬರ ಮುಖ ಅರಳಿತು. "ನೋಡಿದ್ರಾ? ಪಾಠೋಪಕರಣ ಅಂದ ಮೇಲೆ ಅದು ಕೇಂದ್ರದ ಆಸ್ತಿ. ಭದ್ರವಾದ ಕಡೆ ಇಡಿಸೋಣ ಅಂತ ಗಾಡಿಗೆ ಹಾಕಿಸಿದ್ದೆ. ಬೇಡ, ಇಲ್ಲೇ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ. ದಾನಿಗಳ ಹೆಸರು ಹಾಕಿಸಿ. ಎಲ್ಲಕ್ಕೂ ಹಾಕಿಸೋದು ಬೇಡ, ಒಂದರ ಮೇಲೆ ಹಾಕಿಸಿದರೆ ಸಾಕು."

ಜೀಪು ಖಾಲಿಯಾಗಿ ಹೋಯಿತು. ಬೀಗ ಬಿದ್ದ ಸಪ್ಪಳ ಕೇಳಿಸಿತು. ರಾಜಶ್ರೀ ಬರಿಗೈಯಲ್ಲಿ ನಿಂತಿದ್ದಳು. ಜವಾನ ಕೊಡವೊಂದನ್ನು ಮಾತ್ರ ಹೆಸರು ಹಾಕಿಸಲೆಂದು ಹೊರಗೆ ಉಳಿಸಿಕೊಂಡಿದ್ದ. ಶೈಲಜಾ ಹೋಗಿ ಅದನ್ನು ಓದಿದಳು.

"ರಾಜಶ್ರೀ. ಮುಂದಿನ ಜಾಗ ಯಾರಿಗೆ?"

"ಇನ್ನೂ ಯಾರಿಗೂ ಇಲ್ಲರೀ ಅಕ್ಕಾ," ಅಂದಳು ರಾಜಶ್ರೀ.

ಸೂಗಪ್ಪನವರು ಮುಂದೆ ಬಂದರು. "ಪಾಠದ ಸಾಮಾನಿಗೆ ಅರಿಶಿಣ-ಕುಂಕುಮ ಯಾರಪಾ ಹಚ್ತಾರ? ಹಣಿಮ್ಯಾಲ ಕುಂಕುಮ ಐತಿ, ಗಾಡಿಗೆ ಹೂವು ಐತಿ, ಬಾಜೂಕ ಹುಡುಗಿ ಐತಿ. ನನ್ನ ಮಗಳನ್ನ ಏನು ನೋಡಾಕ ಕರಿಸಿದಿ, ನಿನ್ನ ಮೆರವಣಿಗಿನಾ?"

"ಇಲ್ರೀ, ಅದು…" ಅಂದ ಸಂಗನಬಸವ. ಸಾಹೇಬರ ಆಪ್ತ ಗುಮಾಸ್ತ ಅಲ್ಲೇ ಕಂಬಕ್ಕೆ ಒರಗಿ ಬೀಡಿ ಹಚ್ಚುತ್ತಿದ್ದ, ಅವನ ಒಂದು ಕಿವಿ ಈ ಕಡೆಗಿತ್ತು. ಸಂಗನಬಸವ ಆ ಕಿವಿಯನ್ನು ನೋಡಿದ.

ಶೈಲಜಾ ಸ್ವಲ್ಪ ಹೊತ್ತು ಕಾದಳು. ಅವಳು ಕಾದದ್ದು ನಿಜ. ಅವನಿಗೆ 'ಅಲ್ಲ' ಅನ್ನಲು ಬೇಕಾದಷ್ಟು ಹೊತ್ತು ಕಾದಳು.

"ನಡಿಯಪ್ಪಾ, ಹೋಗೋಣು," ಅಂದಳು ಕೊನೆಗೆ. "ಈತನ ಬಾಯಿಗೂ ಸೂಟಿ ಐತಿ."

ಆಮೇಲಿನ ಮೂರು ತಿಂಗಳು ಸಂಗನಬಸವ ಪ್ರತಿ ಶನಿವಾರ ಲಿಂಗಸುಗೂರಿಗೆ ಹೋದ. ಮೊದಲ ಶನಿವಾರ ಗುಮಾಸ್ತ, ದಾನ ಕೊಟ್ಟದ್ದನ್ನು ಮರಳಿ ಕೇಳುವ ಅರ್ಜಿಯ ನಮೂನೆ ಇಲ್ಲ ಅಂದ. ಎರಡನೆಯ ಶನಿವಾರ, ನಮೂನೆ ಇದೆ, ಆದರೆ ದಾನಿಯೇ ಸಹಿ ಮಾಡಬೇಕು ಅಂದ.

"ನಾ ದಾನಿ ಅಲ್ರೀ."

"ಮತ್ತ ನೀವ್ಯಾಕ ಕೇಳಾಕತ್ತೀರಿ?"

"ನಾನೇ ತಂದದ್ರೀ."

"ತಂದವರೇ ದಾನಿ. ಇಲ್ಲಿ ಸಹಿ ಮಾಡ್ರಿ."

ಸಂಗನಬಸವ ಸಹಿ ಮಾಡಿದ. ಆಮೇಲಿನ ಶನಿವಾರಗಳಲ್ಲಿ ಕಿಟಕಿಯಿಂದ ಕುಕ್ಕರು ನೋಡಿ ಬರುವುದಷ್ಟೇ ಆಯಿತು. ಒಂದು ಸಲ ಬೇರೆ ಯಾರೋ ಅದನ್ನು ಎತ್ತಿ ಹಿಡಿದು ಕಾಂಪೌಂಡ್ ನೌನ್ ಕಲಿಸುತ್ತಿದ್ದರು, ತಪ್ಪಾಗಿ.

ಓಣಿಯಲ್ಲಿ ಮದುವೆ ಯಾವಾಗ ಅಂತ ಕೇಳುವವರು ನಿಂತು, ಮದುವೆ ಯಾಕೆ ಮುರಿಯಿತು ಅಂತ ಕೇಳುವವರು ಶುರುವಾದರು. ದಢೇಸುಗೂರಿನಿಂದ ರಾಜಶ್ರೀಯನ್ನು ನೋಡಲು ಬರಬೇಕಿದ್ದವರು ಬರಲಿಲ್ಲ. ಒಮ್ಮೆ ಹೊರಬಿದ್ದ ಸಾಮಾನು ಎರಡನೇ ಸಲ ಹೊರಬೀಳುವುದು ಶುಭವಲ್ಲ ಅಂತ ಹೇಳಿ ಕಳಿಸಿದರು. ಅವತ್ತು ಸಂಜೆ ಅಂಬಮ್ಮ ಸಂಗನಬಸವನನ್ನು ಕರೆದು ಕೂರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸರ, ಓಣಿ ಅಂದದ್ದನ್ನ ನೀವು ಖರೆನ ಮಾಡಿಬಿಡ್ರಿ. ನಾ ಇನ್ನೇನು ಹೇಳ್ಲಿ?"

ಸಂಗನಬಸವ ನೆಲ ನೋಡಿದ. ಸಿಂಧನೂರಿನ ಬಾಗಿಲು ಮುಚ್ಚಿತ್ತು. ಈ ಬಾಗಿಲು ತಾನಾಗಿ ತೆರೆದಿತ್ತು. ಅವನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

"ಕುಕ್ಕರ್ ಇವರದು ಅನ್ನಾಕ ಬಾಯಿ ಬರಲಿಲ್ಲ ಈತಗ," ಅಂದಳು ರಾಜಶ್ರೀ, ಮಷಿನಿನ ಗಾಲಿ ನಿಲ್ಲಿಸಿ. "ನಾಳೆ ಯಾರರ ಕೇಳಿದ್ರ, ಈಕಿ ನನ್ನ ಹೇಂತಿ ಅಂತ ಹ್ಯಾಂಗ ಅಂದಾನವ್ವ?" ಮಷಿನು ಮತ್ತೆ ಓಡಿತು.

ಜೂನಿನಲ್ಲಿ ಮೂರು ಸಂಗತಿ ಒಂದೇ ವಾರದಲ್ಲಿ ನಡೆದವು. ಮಾತು ಕೊಟ್ಟ ಸಾಹೇಬರಿಗೆ ವರ್ಗವಾಯಿತು. ಅವರು ಮಾತನ್ನೂ ಜೊತೆಗೇ ಒಯ್ದರು. ಮಸ್ಕಿಯ ಹೈಸ್ಕೂಲಿಗೆ ಬೇರೆ ಊರಿನಿಂದ ಖಾಯಂ ಇಂಗ್ಲಿಷ್ ಶಿಕ್ಷಕರು ಬಂದರು. ಅತಿಥಿ ಎದ್ದು ಹೋಗಬೇಕಾಯಿತು. ಹೊಸ ಸಾಹೇಬರಿಗೆ ಆ ಬೀಗದ ಕೋಣೆ ಖಾಲಿ ಬೇಕಾಗಿತ್ತು. ಬಾಂಡೆ ಸಾಮಾನು ಮನೆಗೆ ಬಂತು.

ಸಾಮಾನು ತಂದು ಇಳಿಸಿದ ಜವಾನ ಕೊಡವನ್ನು ಬಹಳ ಹೆಮ್ಮೆಯಿಂದ ಎತ್ತಿ ತೋರಿಸಿದ. "ದಾನಿಗಳ ಹೆಸರು ನಾನೇ ನಿಂತು ಹಾಕಿಸೀನ್ರೀ. ನೀಟಾಗಿ ಜಾಗ ಬಿಟ್ಟಿದ್ರು. ಅಳತಿ ಮಾಡಿದಂಗ ಕುಂತೈತಿ."

ಅದೇ ಚುಕ್ಕಿ ಚುಕ್ಕಿ ಅಕ್ಷರ, ಅದೇ ಸಾಲು: 'ರಾಜಶ್ರೀ ಸಂಗನಬಸವ.' ನಡುವೆ ಅಂಟು ಇರಲಿಲ್ಲ.

ಅಂಬಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಪಾತ್ರೆ ಅಂಗಡಿಯವನು ಕೊಡ ನೋಡಿ, ಒತ್ತಿ ಹೊಡೆದಾರ, ತಿಕ್ಕಿದ್ರ ತೂತು ಬೀಳ್ತೈತಿ, ಆಮೇಲೆ ನೀರೂ ನಿಲ್ಲಲ್ಲ, ಹೆಸರೂ ನಿಲ್ಲಲ್ಲ ಅಂದ. ಶಂಶಾದ್‌ಬೀ ಕನ್ನಡ ಓದಲಾರಳು. ತಿಮ್ಮವ್ವನ ಸೊಸೆಯಿಂದ ಎರಡು ಸಲ ಓದಿಸಿ ಕೇಳಿದಳು.

"ನಾ ಅವತ್ತೇ ಅಂದಿದ್ನಿ. ನೀವು ಪಾಠ ಪಾಠ ಅಂದ್ರಿ. ಸ್ಟೀಲಿನ ಮ್ಯಾಲ ಬರದದ್ದು ಸುಳ್ಳಾಗ್ತದೇನ್ರೀ ಸರ?"

ಸಂಗನಬಸವ ಕೋಣೆ ಖಾಲಿ ಮಾಡಿದ ದಿನ ಬೆಳಿಗ್ಗೆಯೇ ಹೊಸ ಶಿಕ್ಷಕರು ಅದೇ ಕೋಣೆಗೆ ಬಂದರು. ಕನ್ನಡಕದ, ಸಾವಧಾನದ ಮನುಷ್ಯ, ಖಾಯಮ್ಮಿನ ಸಾವಧಾನ. ಅವರ ಹೊಸ ಕಪ್ಪು ಕೈಯಲ್ಲೇ ಇತ್ತು. ಸಂಗನಬಸವನ ಟ್ರಂಕು, ಮಂಚ ಟಂಟಂ ಹತ್ತಿದ್ದವು. ಓಣಿಯ ನಲ್ಲಿಗೆ ರಾಜಶ್ರೀ ಅದೇ ಕೊಡ ಇಟ್ಟಿದ್ದಳು. ಇಟ್ಟು ಇಟ್ಟು ಕಾಯುವುದು ಸಾಕು, ನೀರಾದರೂ ತುಂಬಲಿ ಅಂತ ಅವಳೇ ಹೊರಗೆ ತೆಗೆದಿದ್ದಳಂತೆ.

ಹೊಸ ಶಿಕ್ಷಕರು ಬಾಟಲಿ ತುಂಬಿಕೊಳ್ಳಲು ಬಂದು ಕೊಡದ ಮೇಲಿನ ಅಕ್ಷರ ಓದಿದರು. ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳುವ ಸಜ್ಜನಿಕೆಯಿಂದಲೇ ಕೇಳಿದರು.

"ಸಂಗನಬಸವ ಅಂದ್ರ ನಿಮ್ಮ ಯಜಮಾನ್ರೇನ್ರೀ?"

ಟಂಟಂ ಮೇಲೆ ಕೂತ ಸಂಗನಬಸವನಿಗೆ ಇದು ಕೇಳಿಸಿತು. ಅವನ ಕಡೆಗೆ ತಿರುಗಿ ನೋಡಿದ ರಾಜಶ್ರೀ ನಲ್ಲಿ ಬಂದ್ ಮಾಡಿದಳು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಹೆಸರು ಹೊರಗೆ ಕಾಣುವಂತೆಯೇ ಇಟ್ಟುಕೊಂಡಳು.

"ಅಲ್ರೀ ಸರ," ಅಂದಳು ಓಣಿಗೆಲ್ಲ ಕೇಳುವ ಹಾಗೆ. "ಅದು ಪಾಠೋಪಕರಣ."

ಸಂಗನಬಸವ ಬಾಯಿ ತೆರೆದ. ಅಷ್ಟರಲ್ಲಿ ಮಸ್ತಾನಸಾಬ ಗಾಡಿ ಚಾಲೂ ಮಾಡಿದ್ದ.